ಅಟ್ಟದ ಮೇಲಿನ ಗಂಟು

ಮಳೆ ಹಿಡಿದರೆ ನಮ್ಮನೆ ಫೋನಿಗೂ ಕೆಮ್ಮು ಹತ್ತುತ್ತಿತ್ತು. ರಿಸೀವರ್ ಎತ್ತಿದರೆ ಕರಕರ. ಆಗಷ್ಟೇ ಹಾಕಿಸಿದ ಬ್ರಾಡ್‌ಬ್ಯಾಂಡಂತೂ ಗಳಿಗೆಗೊಮ್ಮೆ ಹೋಗುತ್ತಿತ್ತು. ತೀರ್ಥಹಳ್ಳಿ ಕಡೆ ಮಳೆ ಹಿಡಿಯುವುದೆಂದರೆ ಮೂರು ತಿಂಗಳು. ಕಂಬದ ಲೈನೇ ಹಾಳು ಎಂದು ಎಕ್ಸ್‌ಚೇಂಜಿಗೆ ನಾಲ್ಕು ಸಲ ದೂರು ಕೊಟ್ಟೆ.

ಬಂದ ಲೈನ್‌ಮನ್ ಜಗಲಿಯ ರೋಸೆಟ್ ಬಾಕ್ಸ್ ಬಿಚ್ಚಿ, ಮನೆಯೊಳಗೆ ಹೋಗುವ ತಂತಿಗಳನ್ನೆಲ್ಲ ಕಿತ್ತು, ತನ್ನ ಫೋನು ಸಿಕ್ಕಿಸಿ ನನ್ನ ಕಿವಿಗೆ ಹಿಡಿದ. ಗಂಟೆಯಂಥ ಡಯಲ್ ಟೋನ್. “ಹೊರಗಿಂದು ಸರಿ ಇದೆ ಮಾಷ್ಟ್ರೇ. ಒಳಗೆಲ್ಲೋ ಗಂಟು ಹಾಕೀರಿ.”

ಹಾಕಿದ್ದು ಹೌದು. ಮಹಡಿಯಲ್ಲಿರುವ ಅಮ್ಮನಿಗೊಂದು ಫೋನಿರಲಿ ಎಂದು, ಕರೆಗಂಟೆಗೆ ತಂದು ಉಳಿದಿದ್ದ ವಯರನ್ನು ನಾನೇ ಎಳೆದಿದ್ದೆ. ಅದು ಸಾಲದೆ ಅಟ್ಟದಲ್ಲಿ ಇನ್ನೊಂದು ತುಂಡು ಹೊಸೆದು ಟೇಪು ಸುತ್ತಿದ್ದೆ. ಮೇಲಿಂದ ಹೆಂಚಿನ ಸೋರಿಕೆ.

ಆ ಭಾನುವಾರ ಮಲ್ಟಿಮೀಟರ್ ಹಿಡಿದು ಕೂತೆ. ಫೋನು ಕೆಳಗಿಟ್ಟಿದ್ದಾಗ ಲೈನಿನಲ್ಲಿ 49 ವೋಲ್ಟ್ ಡಿಸಿ, ಎತ್ತಿದರೆ ಹತ್ತರೊಳಕ್ಕೆ ಇಳಿಯುತ್ತದೆ, ಅದು ಸರಿಯೇ. ಆಮೇಲೆ ಮಹಡಿಯ ಜೋಡಿಯನ್ನು ಲೈನಿನಿಂದ ಬಿಡಿಸಿ, ಮೇಲಿನ ತುದಿಗಳೆರಡನ್ನು ಕೂಡಿಸಿ, ಕೆಳಗೆ ಓಮ್ ಅಳೆದೆ. ಅರ್ಧ ಮಿಲಿಮೀಟರ್ ದಪ್ಪದ ತಾಮ್ರ ಮೂವತ್ತು ಮೀಟರ್ ಹೋಗಿ ಬಂದರೆ ಐದಾರು ಓಮ್ ಇರಬೇಕು. ನನ್ನದು ನಲವತ್ತು! ಮಗ ಅಟ್ಟ ಹತ್ತಿ ಗಂಟು ಅಲ್ಲಾಡಿಸಿದರೆ ಅಂಕಿಯೂ ಕುಣಿಯುತ್ತಿತ್ತು. ಮೇಲಿನ ತುದಿಗಳನ್ನು ಬಿಡಿಸಿ ಅಳೆದರೆ ಮೀಟರು ಏನೂ ತೋರಿಸಬಾರದು. ನಮ್ಮಲ್ಲಿ ಒದ್ದೆ ಟೇಪಿನೊಳಗೆ ಎರಡು ತಂತಿಗಳೂ ಪಿಸುಗುಟ್ಟುತ್ತಿದ್ದವು. ಟೇಪು ಬಿಚ್ಚಿದಾಗ ತಾಮ್ರ ಹಸಿರು ಹಿಡಿದಿತ್ತು.

ಈ ಸಲ ಒಂದಕ್ಕೊಂದು ತಿರುಚಿದ ಜೋಡಿಯ ಟೆಲಿಫೋನ್ ವಯರನ್ನೇ ತಂದೆ. ಜಗಲಿಯ ಬಾಕ್ಸಿನಿಂದ ಒಂದೊಂದು ಕೋಣೆಗೂ ಬೇರೆಬೇರೆ ಎಳೆ, ನಡುವೆ ಗಂಟಿಲ್ಲ. ಕರೆಂಟಿನ ಪೈಪಿನಿಂದ ದೂರ; ಹಿಂದೆ ಅದರ ಜೊತೆಗೇ ಎಳೆದು ಗುಂಯ್ ಸದ್ದು ಕೇಳಿದ್ದೆ. ಮಾತನ್ನೂ ಬ್ರಾಡ್‌ಬ್ಯಾಂಡನ್ನೂ ಬೇರ್ಪಡಿಸುವ ಸ್ಪ್ಲಿಟರನ್ನು ಆ ಮೊದಲ ಬಾಕ್ಸಿನ ಹತ್ತಿರವೇ ಕೂರಿಸಿ, ಮೋಡೆಮ್ಮಿಗೆ ಅದರದೇ ಜೋಡಿ ಕೊಟ್ಟೆ. ಮೊದಲು ಮೋಡೆಮ್ಮಿನ ಪಕ್ಕ ಮಾತ್ರ ಇದ್ದದ್ದರಿಂದ ಮಹಡಿಯ ಫೋನು ಫಿಲ್ಟರಿಲ್ಲದೆ ನೇರ ಲೈನಿಗೇ ಬಿದ್ದಿತ್ತು. ಪ್ರತಿ ಎಳೆಯನ್ನೂ ಸಿಕ್ಕಿಸುವ ಮುಂಚೆ ಅಳೆದೆ, ತುದಿಗೆ ಚೀಟಿ ಅಂಟಿಸಿದೆ.

ಒಂದು ತಪ್ಪು ಮಾತ್ರ ಹಾಗೇ ಉಳಿದಿತ್ತು. ಲೈನು ಬಿಡಿಸದೆ ಕೊನೆಯ ತಂತಿಯ ಸಿಪ್ಪೆಯನ್ನು ಹಲ್ಲಿನಲ್ಲಿ ಸುಲಿಯುತ್ತಿದ್ದೆ. ಅದೇ ಹೊತ್ತಿಗೆ ಭಾವನ ಫೋನು ಬಂತು. ಗಂಟೆ ಬಾರಿಸಲು ಎಕ್ಸ್‌ಚೇಂಜು ಕಳಿಸುವುದು ಎಪ್ಪತ್ತೈದು ವೋಲ್ಟಿನ ಎಸಿ. ಸ್ಟೂಲಿನಿಂದ ಇಳಿದದ್ದು ಹೇಗೆಂದು ನೆನಪಿಲ್ಲ.

ಮುಂದಿನ ಆಷಾಢದಲ್ಲಿ ಲೈನು ಕೆಮ್ಮಲಿಲ್ಲ. ಅಮ್ಮ ಮಾತ್ರ ರೂಢಿಬಲದಿಂದ ಇನ್ನೂ ಕೂಗಿಯೇ ಮಾತಾಡುತ್ತಿದ್ದಳು.