ಬಂಡೆಯನ್ನು ಓದುವ ಬಗೆ

ಶಾಸನಪಾಠಕ್ಕೆ ಕುಳಿತಾಗ ನಾವು ಕಲ್ಲಿನ ಮೇಲಣ ಅಕ್ಷರವನ್ನು ನೋಡುತ್ತೇವೆಯೇ ಹೊರತು ಕಲ್ಲನ್ನಲ್ಲ. 'ಬೆಂಗಳೂರು' ಎಂಬ ಹೆಸರನ್ನು ಉಳಿಸಿಕೊಟ್ಟ ಬೇಗೂರಿನ ವೀರಗಲ್ಲಿನ ಬರಹ ಸುಮಾರು ಕ್ರಿ.ಶ. 890ರದು. ಅದರ ಪ್ರಾಚೀನತೆಗೆ ಬೆರಗಾಗುವ ವಿದ್ಯಾರ್ಥಿಯು ಈ ಸೀಮೆಯ ಬಂಡೆಗಳಿಗೆ ಸುಮಾರು 300 ಕೋಟಿ ವರ್ಷಗಳಾಗಿವೆಯೆಂದರೆ ಏನೆಂದಾನು?

ನಮ್ಮ ಕತ್ರಿಗುಪ್ಪೆಯಿಂದ ಲಾಲ್‌ಬಾಗು ದೂರವೇನಲ್ಲ. ಅಲ್ಲಿ ಕೆಂಪೇಗೌಡರ ಗೋಪುರವನ್ನು ಹೊತ್ತು ನಿಂತಿರುವ ಬಂಡೆಯು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕವೆಂದು ಮನ್ನಣೆ ಪಡೆದಿದೆ. ನಾಡಿನ ತಳಹದಿಯಾದ ಈ ಶಿಲಾಸಮೂಹಕ್ಕೆ ಮೈಸೂರು ಸಂಸ್ಥಾನದ ಭೂವಿಜ್ಞಾನಿ ಡಬ್ಲ್ಯು. ಎಫ್. ಸ್ಮೀತ್ ಅವರು 1916ರಲ್ಲಿ 'ಪರ್ಯಾಯದ್ವೀಪದ ನೈಸ್' ಎಂದು ಹೆಸರಿತ್ತರು.

ಭೂವಿಜ್ಞಾನಿಯ ಮೊದಲ ಉಪಕರಣ ಕಣ್ಣು. ಬಂಡೆಯ ಮೈಮೇಲೆ ಬಳುಕಿ ಮಡಿಚಿಕೊಂಡ ಬಿಳಿ, ಕಪ್ಪು ಪಟ್ಟೆಗಳು ಭೂಗರ್ಭದ ತಾಪ ಮತ್ತು ಒತ್ತಡಗಳ ಗುರುತು. ಆ ಪಟ್ಟೆಗಳನ್ನು ಕಡಿದು ಹಾಯುವ ಬಿಳಿಯ ಎಳೆ ಅವುಗಳಿಗಿಂತ ಕಿರಿಯದು. ಒಡಲೊಳಗೆ ಸಿಲುಕಿರುವ ಅನ್ಯಶಿಲೆಯ ಕರಿಯ ತುಣುಕು ತನ್ನನ್ನು ನುಂಗಿದ ಶಿಲೆಗಿಂತ ಹಿರಿಯದು. ಓಲೆಗರಿಯ ಅಂಚಿನಲ್ಲಿ ಬರೆದ ಟಿಪ್ಪಣಿ ಮೂಲಕ್ಕಿಂತ ಹಿಂದಿನದಾಗಲಾರದಷ್ಟೆ.

ಬಳಿಕ ಪ್ರಯೋಗಶಾಲೆ. ಕಲ್ಲಿನ ಚೂರನ್ನು 0.03 ಮಿಲಿಮೀಟರಿನಷ್ಟು ತೆಳುವಾಗುವವರೆಗೆ ಉಜ್ಜಿದರೆ ಬೆಳಕು ಅದನ್ನು ಹಾಯ್ದು ಬರುತ್ತದೆ. ಆಗ ಸೂಕ್ಷ್ಮದರ್ಶಕದಲ್ಲಿ ಬೆಣಚು, ಫೆಲ್ಡ್‌ಸ್ಪಾರ್, ಅಭ್ರಕಗಳು ಒಂದೊಂದಾಗಿ ಬಣ್ಣ ತೋರುತ್ತವೆ. ಆದರೆ ವಯಸ್ಸನ್ನು ಹೇಳುವುದು ಜಿರ್ಕಾನ್ ಎಂಬ ಪುಟ್ಟ ಹರಳು. ಹುಟ್ಟುವಾಗ ಅದು ಯುರೇನಿಯಂ ಅನ್ನು ಒಳಗೆ ಸೇರಿಸಿಕೊಳ್ಳುತ್ತದೆ, ಸೀಸವನ್ನು ಬಹುಮಟ್ಟಿಗೆ ಹೊರಗಿಡುತ್ತದೆ. ಯುರೇನಿಯಂ ಕಾಲಕ್ರಮದಲ್ಲಿ ಕ್ಷಯಿಸಿ ಸೀಸವಾಗುವುದರಿಂದ, ಒಳಗೆ ಕಂಡ ಸೀಸವೆಲ್ಲ ಪ್ರಾಯಃ ಅಲ್ಲಿಯೇ ಹುಟ್ಟಿದ್ದು. ಯುರೇನಿಯಂ-238ರ ಅರ್ಧಾಯುಷ್ಯ ಸುಮಾರು 447 ಕೋಟಿ ವರ್ಷ. 300 ಕೋಟಿ ವರ್ಷಗಳಲ್ಲಿ ಅದರ ನೂರು ಪರಮಾಣುಗಳ ಪೈಕಿ ಹೆಚ್ಚು ಕಡಿಮೆ 37 ಸೀಸವಾಗಿರುತ್ತವೆ. ಗಣಿತಕ್ಕೆ ಅಂಜುವ ನನ್ನಂಥವನಿಗೂ ಈ ಲೆಕ್ಕ ಹಿಡಿಸಿತು.

ಒಮ್ಮೆ ವಿದ್ಯಾರ್ಥಿಯೊಬ್ಬನು ಜಲ್ಲಿಯ ತುಂಡೊಂದನ್ನು ತಂದು, "ಪಂಡಿತರೇ, ಇದರ ವಯಸ್ಸೆಷ್ಟು?" ಎಂದನು. ಯಾವ ಬಂಡೆಯದೆಂದು ಕೇಳಿದೆ. ಮನೆಯೊಂದರ ತಳಪಾಯಕ್ಕೆ ಸುರಿದ ರಾಶಿಯದಂತೆ. ಅದರೊಳಗೆ ಜಿರ್ಕಾನ್ ಇದ್ದರೆ ಪ್ರಯೋಗಶಾಲೆಯು ಇಂದಿಗೂ ವರ್ಷವನ್ನು ಹೇಳಬಲ್ಲುದು. ಆದರೆ ಅದು ಯಾವ ಎಳೆಯ ಪಕ್ಕದಲ್ಲಿತ್ತು, ಯಾವ ಪಟ್ಟೆಯ ಮಡಿಕೆಯಲ್ಲಿತ್ತು, ಯಾವುದನ್ನು ಕಡಿದು ಹಾಯ್ದಿತ್ತು ಎಂಬುದನ್ನು ಹೇಳಬೇಕಾದ ಬಂಡೆಯೇ ಒಡೆದು ಹೋಗಿತ್ತು. ತುಂಡನ್ನು ಅವನ ಕೈಗೇ ಕೊಟ್ಟು, ಮರುದಿನ ತರಗತಿಯನ್ನು ಲಾಲ್‌ಬಾಗಿಗೆ ಕರೆದೊಯ್ದೆ.