ಮೂರು ಪತ್ರಿಕೆ, ತೊಂಬತ್ತು ಓದುಗರು

ಪ್ರಶ್ನೆ: ಕ್ಯಾಟ್ ಪರೀಕ್ಷೆಗೆ ಓದುತ್ತಿದ್ದೇನೆ. ಎರಡು ಗಣಗಳ ಲೆಕ್ಕ ಸಲೀಸು. ಮೂರು ಗಣ ಬಂದರೆ, ಸೂತ್ರ ಬಾಯಿಪಾಠವಾಗಿದ್ದರೂ ಉತ್ತರ ತಪ್ಪುತ್ತದೆ. ಎಲ್ಲಿ ಎಡವುತ್ತಿದ್ದೇನೆ ಸರ್?

ಉತ್ತರ: ಬಹುಶಃ ಸೂತ್ರದಲ್ಲಲ್ಲ, ಪ್ರಶ್ನೆ ಓದುವುದರಲ್ಲಿ. 'ಕನ್ನಡ, ಹಿಂದಿ ಎರಡನ್ನೂ ಓದುವವರು' ಎಂದಾಗ ಮೂರನ್ನೂ ಓದುವವರು ಅದರೊಳಗೇ ಇರುತ್ತಾರೆ. 'ಎರಡನ್ನು ಮಾತ್ರ' ಎಂದರೆ ಅವರು ಹೊರಗೆ. ಪಠ್ಯಪುಸ್ತಕದ ಸೂತ್ರಕ್ಕೆ ಬೇಕಾದದ್ದು ಮೊದಲ ಬಗೆಯ ಸಂಖ್ಯೆ. ಪರೀಕ್ಷೆಯಲ್ಲಿ ಎಷ್ಟೋ ಸಲ ಕೊಡುವುದು ಎರಡನೆಯದು.

ಒಂದು ಲೆಕ್ಕ ನೋಡಿ. 100 ಜನರಲ್ಲಿ ಕನ್ನಡ ಪತ್ರಿಕೆ ಓದುವವರು 60, ಹಿಂದಿ 50, ಇಂಗ್ಲಿಷ್ 40. ಯಾವುದನ್ನೂ ಮುಟ್ಟದವರು 10. ಎರಡನ್ನು ಮಾತ್ರ ಓದುವವರು 28. ಮೂರನ್ನೂ ಓದುವವರೆಷ್ಟು?

ಈ 28ನ್ನು ಸೂತ್ರಕ್ಕೆ ಹಾಕಿದರೆ ಋಣ 32 ಬರುತ್ತದೆ, ತಪ್ಪು ತಾನೇ ಬಯಲಾಗುತ್ತದೆ. ಆದರೆ ಅಂಕಿಗಳು ಬೇರೆಯಿದ್ದರೆ ನಂಬುವಂಥ ಉತ್ತರವೇ ಬಂದೀತು. ಕೊಟ್ಟ ಆಯ್ಕೆಗಳಲ್ಲಿ ಅದೂ ಇರುವುದುಂಟು.

ಸೂತ್ರ ಬದಿಗಿಡಿ. ಪ್ರತಿ ಪತ್ರಿಕೆಗೂ ಒಂದು ಹಾಜರಿ ಪುಸ್ತಕವಿದೆ ಎಂದುಕೊಳ್ಳಿ. ಮೂರೂ ಪುಸ್ತಕ ಸೇರಿ 150 ಹೆಸರು, ಜನ ಮಾತ್ರ 90. ಹೆಚ್ಚಾದ 60 ಹೆಸರು ಎಲ್ಲಿಂದ ಬಂದವು? ಒಂದೇ ಪತ್ರಿಕೆ ಓದುವವರಿಂದ ಹೆಚ್ಚೇನೂ ಬರದು. ಎರಡು ಓದುವವರಿಂದ ತಲಾ ಒಂದು, ಮೂರು ಓದುವವರಿಂದ ತಲಾ ಎರಡು ಹೆಸರು ಹೆಚ್ಚಾಗುತ್ತದೆ. 60ರಲ್ಲಿ 28 ಕಳೆದರೆ 32, ಅದರ ಅರ್ಧ 16. ಅದೇ ಉತ್ತರ. ಈ ದಾರಿ ನನಗೆ ಬಹಳ ಇಷ್ಟ, ಏಕೆಂದರೆ ಇಲ್ಲಿ ನೆನಪಿಡಬೇಕಾದದ್ದೇ ಇಲ್ಲ. ಯಾರನ್ನು ಎಷ್ಟು ಸಲ ಎಣಿಸಿದೆವು ಎಂದು ಕೇಳಿಕೊಂಡರಾಯಿತು.

ವೆನ್ ಚಿತ್ರ ಬೇಡವೇ? ಬೇಕು, ಎಲ್ಲ ಕಡೆಯೂ ಅಲ್ಲ. ಬ್ರಿಟಿಷ್ ತರ್ಕಶಾಸ್ತ್ರಜ್ಞ ಜಾನ್ ವೆನ್ 1880ರಲ್ಲಿ ಮಂಡಿಸಿದ ಆ ಚಿತ್ರದಲ್ಲಿ ಮೂರು ವೃತ್ತಗಳಿಂದ ಏಳು ಭಾಗಗಳಾಗುತ್ತವೆ, ಹೊರಗೊಂದು. ಕನ್ನಡ-ಹಿಂದಿ ಇಷ್ಟು, ಹಿಂದಿ-ಇಂಗ್ಲಿಷ್ ಇಷ್ಟು ಎಂದು ಜೋಡಿವಾರು ಅಂಕಿ ಕೊಟ್ಟಿದ್ದರೆ ಬರೆಯಿರಿ, ನಡುವಿನ ಭಾಗದಿಂದ ತುಂಬುತ್ತಾ ಹೊರಬನ್ನಿ. ಮೊತ್ತಗಳನ್ನಷ್ಟೇ ಕೊಟ್ಟಿದ್ದರೆ ಚಿತ್ರ ಸಮಯ ತಿನ್ನುತ್ತದೆ.

ಕ್ಯಾಟ್‌ನಲ್ಲಿ 'ಮೂರನ್ನೂ ಓದುವವರು ಗರಿಷ್ಠ ಎಷ್ಟು?' ಎಂಬ ಪ್ರಶ್ನೆಯೂ ಬರುತ್ತದೆ. ಮೇಲಿನ ಲೆಕ್ಕದಿಂದ 28ನ್ನು ತೆಗೆದುಬಿಡಿ. ಹೆಚ್ಚಾದ 60 ಹೆಸರೂ ಮೂರು ಓದುವವರದೇ ಆದಾಗ ಅವರ ಸಂಖ್ಯೆ ಅತಿ ಹೆಚ್ಚು: 30. ಆಗ ಒಂದನ್ನೇ ಓದುವವರು ಕನ್ನಡದಲ್ಲಿ 30, ಹಿಂದಿಯಲ್ಲಿ 20, ಇಂಗ್ಲಿಷಿನಲ್ಲಿ 10. ಯಾವುದೂ ಸೊನ್ನೆಗಿಂತ ಕೆಳಗಿಳಿದಿಲ್ಲ, ಹಾಗಾಗಿ 30 ಸಾಧ್ಯ. ಈ ಕೊನೆಯ ಪರಿಶೀಲನೆಯನ್ನು ಮಾತ್ರ ಬಿಡಬೇಡಿ.