ಊರಿಂದ ಹಣ ನಿಂತಾಗ ಅಮೆರಿಕದ ಓದು

ಮಕ್ಕಳನ್ನು ಅಮೆರಿಕಕ್ಕೆ ಓದಲು ಕಳಿಸುವ ಮನೆಗಳಲ್ಲಿ ಫೀಸು, ಬಾಡಿಗೆ, ವಿಮಾನದ ಟಿಕೆಟ್ಟು, ಸಾಲದ ಬಡ್ಡಿ ಎಲ್ಲದರ ಲೆಕ್ಕವೂ ಚೊಕ್ಕವಾಗಿ ಆಗಿರುತ್ತದೆ. ಓದಿನ ನಡುವೆ ಊರಿಂದ ಬರುವ ಹಣವೇ ನಿಂತುಹೋದರೆ ಏನು ಗತಿ ಎಂಬುದನ್ನು ಮಾತ್ರ ಯಾರೂ ಬಾಯಿಬಿಟ್ಟು ಕೇಳುವುದಿಲ್ಲ. ಅಪಶಕುನ ಎನಿಸುತ್ತದೋ ಏನೋ. 2023-24ರಲ್ಲಿ ಅಲ್ಲಿ ಓದುತ್ತಿದ್ದ ಭಾರತೀಯರು 3.31 ಲಕ್ಷ ಮಂದಿ, ಬೇರೆ ಯಾವ ದೇಶದವರಿಗಿಂತಲೂ ಹೆಚ್ಚು. ಇಷ್ಟು ಮನೆಗಳ ದುಡ್ಡು ಪಣಕ್ಕೆ ಬಿದ್ದಿರುವಾಗ ಈ ಪ್ರಶ್ನೆಯನ್ನು ಕೇಳಲೇಬೇಕು.

ಮೊದಲು ನಿಯಮ ತಿಳಿದಿರಲಿ. ಎಫ್-1 ವೀಸಾದ ವಿದ್ಯಾರ್ಥಿ ತರಗತಿ ನಡೆಯುವ ದಿನಗಳಲ್ಲಿ ವಾರಕ್ಕೆ 20 ಗಂಟೆ ಕೆಲಸ ಮಾಡಬಹುದು, ಅದೂ ಕ್ಯಾಂಪಸ್ಸಿನ ಒಳಗೆ. ಪದವಿ ಓದುವವರು ಸೆಮಿಸ್ಟರಿಗೆ ಕನಿಷ್ಠ 12 ಕ್ರೆಡಿಟ್ ತೆಗೆದುಕೊಳ್ಳಬೇಕು. ಓದನ್ನು ಕಡಿಮೆ ಮಾಡಿದರೂ ವೀಸಾಕ್ಕೆ ಕುತ್ತು, ಕೆಲಸ ಹೆಚ್ಚು ಮಾಡಿದರೂ ಕುತ್ತು. ಊರಲ್ಲಿ ಎಲ್ಲ ನೆಟ್ಟಗಿರುವಾಗ ಈ ನಿಯಮ ಒಳ್ಳೆಯದೇ, ಹುಡುಗರು ಓದು ಬಿಟ್ಟು ದುಡಿಮೆಗೆ ಇಳಿಯದಂತೆ ಕಾಯುತ್ತದೆ. ಊರಲ್ಲಿ ಕಷ್ಟ ಬಂದಾಗ ಅದೇ ನಿಯಮ ಉಸಿರು ಕಟ್ಟಿಸುತ್ತದೆ.

ನನಗೆ ಆ ಅನುಭವ ಆದದ್ದು 2013ರಲ್ಲಿ. ಅದರ ಹಿಂದಿನ ಆಗಸ್ಟ್‌ನಲ್ಲಿ ಸ್ನಾತಕೋತ್ತರ ಓದಿಗೆಂದು ಹೋಗಿದ್ದೆ. ಅಪ್ಪ ದಾವಣಗೆರೆಯ ಮನೆಯನ್ನು ಅಡವಿಟ್ಟು ತೆಗೆದ ಸಾಲ ಅದು. ಹೋಗುವಾಗ ಡಾಲರ್‌ಗೆ 55 ರೂಪಾಯಿಯ ಆಸುಪಾಸಿನಲ್ಲಿದ್ದ ದರ 2013ರ ಆಗಸ್ಟ್ ಕೊನೆಗೆ 68 ದಾಟಿತು. ಹತ್ತು ಸಾವಿರ ಡಾಲರಿನ ಫೀಸು ಕಟ್ಟಲು ಐದೂವರೆ ಲಕ್ಷ ಸಾಕಾಗುತ್ತಿದ್ದಲ್ಲಿ ಆರು ಲಕ್ಷ ಎಂಬತ್ತು ಸಾವಿರ ಬೇಕಾಯಿತು. ಬ್ಯಾಂಕು ಸಾಲ ಮಂಜೂರು ಮಾಡಿದ್ದು ರೂಪಾಯಿಯಲ್ಲಿ. ಡಾಲರ್ ಏರಿತೆಂದು ಅದು ಏರುವುದಿಲ್ಲ. ಹೆಚ್ಚಿನ ಸಾಲಕ್ಕೆ ಮತ್ತೊಂದು ಆಸ್ತಿ ತೋರಿಸಿ ಎಂದರು. ನಮ್ಮಲ್ಲಿ ಮತ್ತೊಂದು ಆಸ್ತಿ ಇರಲಿಲ್ಲ.

ಆಗ ನೆರವಿಗೆ ಬಂದದ್ದು ಬಹಳ ಮಂದಿಗೆ ಗೊತ್ತೇ ಇಲ್ಲದ ಒಂದು ಅವಕಾಶ. ಒಂದು ಶೈಕ್ಷಣಿಕ ವರ್ಷ ಮುಗಿಸಿದ ಎಫ್-1 ವಿದ್ಯಾರ್ಥಿಗೆ ತನ್ನ ಕೈಮೀರಿದ ಕಾರಣದಿಂದ ತೀವ್ರ ಹಣಕಾಸಿನ ತೊಂದರೆ ಎದುರಾದರೆ, ಕ್ಯಾಂಪಸ್ಸಿನ ಹೊರಗೆ ವಾರಕ್ಕೆ 20 ಗಂಟೆ ದುಡಿಯಲು ಅನುಮತಿ ಕೇಳಬಹುದು. ಕರೆನ್ಸಿಯ ಬೆಲೆ ವಿಪರೀತ ಕುಸಿಯುವುದು, ಹಣ ಕಳಿಸುತ್ತಿದ್ದವರ ಸ್ಥಿತಿ ದಿಢೀರನೆ ಕೆಡುವುದು, ಆಸ್ಪತ್ರೆಯ ಖರ್ಚು, ಇವೆಲ್ಲ ಆ ನಿಯಮದಲ್ಲೇ ಹೆಸರಿಸಿರುವ ಕಾರಣಗಳು. ಕ್ಯಾಂಪಸ್ಸಿನ ಒಳಗೆ ಕೆಲಸ ಇಲ್ಲ, ಅಥವಾ ಇದ್ದರೂ ಸಾಲದು ಎಂದು ವಿಶ್ವವಿದ್ಯಾಲಯದ ಅಧಿಕಾರಿ ಬರೆದುಕೊಡಬೇಕು. ಅವರನ್ನು ಅಲ್ಲಿ ಎಲ್ಲರೂ ಡಿಎಸ್‌ಒ ಎನ್ನುತ್ತಾರೆ. ಸಾಲದ ಮಂಜೂರಾತಿ ಪತ್ರ, ರಿಸರ್ವ್ ಬ್ಯಾಂಕಿನ ವಿನಿಮಯ ದರದ ಪ್ರತಿ, ಅಪ್ಪನ ಆದಾಯದ ಬಗ್ಗೆ ಲೆಕ್ಕಪರಿಶೋಧಕರ ಪ್ರಮಾಣಪತ್ರ ಇವನ್ನು ಜೋಡಿಸಿದೆ. ಕನ್ನಡದಲ್ಲಿದ್ದ ಕಾಗದಗಳಿಗೆ ದೃಢೀಕರಿಸಿದ ಇಂಗ್ಲಿಷ್ ಅನುವಾದ ಮಾಡಿಸಿದೆ. ಕೆಲಸದ ಅನುಮತಿ ಕೇಳುವ ಐ-765 ಅರ್ಜಿಗೆ ಆಗ 380 ಡಾಲರ್ ಶುಲ್ಕ. ಕೈಯಲ್ಲಿ ಹಣವಿಲ್ಲ ಎಂದು ಹೇಳುವುದಕ್ಕೇ ಸುಮಾರು 25 ಸಾವಿರ ರೂಪಾಯಿ ಹೊಂದಿಸಬೇಕಾಯಿತು. 2024ರ ಏಪ್ರಿಲ್‌ನಲ್ಲಿ ಅದೇ ಕಾಗದದ ಅರ್ಜಿಯ ಶುಲ್ಕ 520 ಡಾಲರ್‌ಗೆ ಏರಿತು.

ಸೆಪ್ಟೆಂಬರ್‌ನಲ್ಲಿ ಹಾಕಿದ ಅರ್ಜಿಗೆ ಅನುಮತಿಯ ಕಾರ್ಡು ಬಂದದ್ದು ಡಿಸೆಂಬರ್‌ನಲ್ಲಿ, ಸೆಮಿಸ್ಟರ್ ಮುಗಿಯುವ ಹೊತ್ತಿಗೆ. ಆ ನಡುವಿನ ತಿಂಗಳುಗಳನ್ನು ದಾಟಿಸಿದ್ದು ವಿಶ್ವವಿದ್ಯಾಲಯ ಕೊಟ್ಟ ಬಡ್ಡಿಯಿಲ್ಲದ ಕೈಸಾಲ. ಜನವರಿಯಿಂದ ಒಂದು ಸಣ್ಣ ತೆರಿಗೆ ಕಚೇರಿಯಲ್ಲಿ ಫೈಲು ಜೋಡಿಸುವ ಕೆಲಸ ಹಿಡಿದೆ. ಗಂಟೆಗೆ ಹತ್ತು ಡಾಲರ್, ವಾರಕ್ಕೆ ಇನ್ನೂರು. ಆ ಇನ್ನೂರರಲ್ಲಿ ನನ್ನ ಬಾಡಿಗೆ, ಊಟ ನಡೆಯಿತು, ಮನೆಯಿಂದ ಬರುತ್ತಿದ್ದುದೆಲ್ಲ ಫೀಸಿಗೆ ಹೋಯಿತು.

ಇದು ಒಬ್ಬೊಬ್ಬರೇ ತಮ್ಮ ಕಷ್ಟ ಸಾಬೀತು ಮಾಡಿ ಪಡೆಯುವ ಅನುಮತಿ. ಒಂದು ದೇಶಕ್ಕೇ ಕಷ್ಟ ಬಂದಾಗ ಆ ದೇಶದ ವಿದ್ಯಾರ್ಥಿಗಳಿಗೆಲ್ಲ ಒಟ್ಟಾಗಿ ನಿಯಮ ಸಡಿಲಿಸುವ ಇನ್ನೊಂದು ವ್ಯವಸ್ಥೆ ಇದೆ. ಅದರ ಹೆಸರು ಸ್ಪೆಷಲ್ ಸ್ಟೂಡೆಂಟ್ ರಿಲೀಫ್. ಅದು ಹುಟ್ಟಿದ್ದೂ ಕರೆನ್ಸಿ ಕುಸಿತದಿಂದಲೇ. 1997ರ ಜುಲೈನಲ್ಲಿ ಥಾಯ್ಲೆಂಡಿನ ಬಾತ್ ಬಿದ್ದು ಆಗ್ನೇಯ ಏಷ್ಯಾವೆಲ್ಲ ತತ್ತರಿಸಿತು. 1998ರ ಜೂನ್‌ನಲ್ಲಿ ಅಮೆರಿಕ ಸರ್ಕಾರ ಇಂಡೋನೇಷ್ಯಾ, ದಕ್ಷಿಣ ಕೊರಿಯಾ, ಮಲೇಷ್ಯಾ, ಥಾಯ್ಲೆಂಡ್, ಫಿಲಿಪ್ಪೀನ್ಸ್ ಈ ಐದು ದೇಶಗಳ ವಿದ್ಯಾರ್ಥಿಗಳಿಗೆ ಕೆಲಸದ ಮಿತಿ ಸಡಿಲಿಸಿತು. ಮುಂದೆ ಲಿಬಿಯಾ, ಸಿರಿಯಾ, ಹೈಟಿ, ನೇಪಾಳ, ಮ್ಯಾನ್ಮಾರ್, ಉಕ್ರೇನ್, ಸುಡಾನ್, ಅಫ್ಘಾನಿಸ್ತಾನ ಹೀಗೆ ಯುದ್ಧ, ಭೂಕಂಪಗಳ ದೇಶಗಳು ಒಂದೊಂದಾಗಿ ಆ ಸಾಲಿಗೆ ಸೇರಿದವು.

ನೇಪಾಳದ ಸಡಿಲಿಕೆಯನ್ನು ನಾನು ಹತ್ತಿರದಿಂದ ಕಂಡೆ. ಓದು ಮುಗಿದ ಮೇಲೂ ಅದೇ ಊರಲ್ಲಿ ಕೆಲಸ ಮಾಡುತ್ತಿದ್ದ ನಾನು ಭಕ್ತಪುರದ ಇಬ್ಬರು ಪದವಿ ವಿದ್ಯಾರ್ಥಿಗಳ ಜೊತೆ ಮನೆ ಹಂಚಿಕೊಂಡಿದ್ದೆ. ನೇಪಾಳಿ ರೂಪಾಯಿಯನ್ನು ನಮ್ಮ ರೂಪಾಯಿಗೇ ಕಟ್ಟಿಹಾಕಿದ್ದಾರೆ, ನಮ್ಮ ನೂರಕ್ಕೆ ಅವರ ನೂರಾ ಅರವತ್ತು. ಹಾಗಾಗಿ 2013ರಲ್ಲಿ ನಮ್ಮದು ಬಿದ್ದಾಗ ಅವರದೂ ಅಷ್ಟೇ ಬಿದ್ದಿತ್ತು, ಅವರ ಮನೆಗಳು ಆಗಲೇ ಸೋತಿದ್ದವು. 2015ರ ಏಪ್ರಿಲ್ 25ರಂದು ಭೂಮಿ ನಡುಗಿತು. ತೀವ್ರತೆ 7.8. ಸತ್ತವರು ಒಂಬತ್ತು ಸಾವಿರದ ಹತ್ತಿರ. ಇಬ್ಬರಲ್ಲಿ ಕಿರಿಯವನ ಮನೆ ಪೂರ್ತಿ ಬಿತ್ತು, ಅದರ ಕೆಳಗಿದ್ದ ಅವನ ತಂದೆಯ ಪಾತ್ರೆ ಅಂಗಡಿಯೂ ಹೋಯಿತು. ಮನೆಯವರು ಬದುಕಿದ್ದರು. ಮೇ 12ಕ್ಕೆ ಮತ್ತೊಂದು ದೊಡ್ಡ ಕಂಪನ. ಸೆಪ್ಟೆಂಬರ್ ಕೊನೆಗೆ ಭಾರತದ ಗಡಿಯಲ್ಲಿ ಲಾರಿಗಳು ನಿಂತು ಗ್ಯಾಸು, ಪೆಟ್ರೋಲು ಇಲ್ಲದಂತಾಯಿತು. ಅಂಗಡಿ ಮತ್ತೆ ಎದ್ದೀತು ಎಂಬ ಆಸೆ ಆ ಚಳಿಗಾಲಕ್ಕೆ ಕರಗಿತು.

ಅಮೆರಿಕ ಸರ್ಕಾರ ನೇಪಾಳಿ ವಿದ್ಯಾರ್ಥಿಗಳಿಗೆ ಸಡಿಲಿಕೆಯ ಸೂಚನೆ ಹೊರಡಿಸಿದ್ದು 2015ರ ನವೆಂಬರ್‌ನಲ್ಲಿ. ಭೂಕಂಪವಾಗಿ ಆರು ತಿಂಗಳು ಕಳೆದಿತ್ತು. ಮನೆ ಬಿದ್ದ ಹುಡುಗ ಆಗಸ್ಟಿನಲ್ಲಿ ಫೀಸು ಕಟ್ಟಬೇಕು. ಸರ್ಕಾರದ ಕಡತಕ್ಕೆ ಆ ತಾರೀಖಿನ ಅರಿವಿಲ್ಲ. ಉಕ್ರೇನಿನ ವಿಷಯದಲ್ಲಿ 2022ರ ಫೆಬ್ರುವರಿ 24ಕ್ಕೆ ಯುದ್ಧ ಶುರುವಾದರೆ ಏಪ್ರಿಲ್ 19ಕ್ಕೆ ಸೂಚನೆ ಬಂತು. ಮನಸ್ಸು ಮಾಡಿದರೆ ಎರಡು ತಿಂಗಳೊಳಗೆ ಆಗುವ ಕೆಲಸ ಇದು. ಬಡ ದೇಶಗಳ ಮಕ್ಕಳನ್ನು ಅಷ್ಟು ಕಾಲ ಕಾಯಿಸಿದ್ದು ನನ್ನ ದೃಷ್ಟಿಯಲ್ಲಿ ಅನ್ಯಾಯ.

ಸಡಿಲಿಕೆ ಬಂದ ಮೇಲೆ ಎರಡು ಬಗೆಯ ಅನುಕೂಲ ಸಿಗುತ್ತದೆ. ಆ ದುರಂತದಿಂದಲೇ ನೇರವಾಗಿ ಹಣದ ತೊಂದರೆಯಾಗಿದೆ ಎಂದು ತೋರಿಸಿದವರು ವಾರಕ್ಕೆ 20 ಗಂಟೆಗಿಂತ ಹೆಚ್ಚು ಕೆಲಸ ಮಾಡಬಹುದು. ಓದನ್ನೂ ಇಳಿಸಬಹುದು: ಪದವಿಯವರು 6 ಕ್ರೆಡಿಟ್‌ವರೆಗೆ, ಸ್ನಾತಕೋತ್ತರದವರು 3 ಕ್ರೆಡಿಟ್‌ವರೆಗೆ. ಹಾಗೆ ಇಳಿಸಿದರೂ ವೀಸಾದ ಲೆಕ್ಕಕ್ಕೆ ಅದು ಪೂರ್ಣ ಓದೇ. ಕ್ಯಾಂಪಸ್ಸಿನ ಹೊರಗೆ ದುಡಿಯುವವರು ಮತ್ತೆ ಅದೇ ಐ-765 ಅರ್ಜಿ, ಅದೇ ಶುಲ್ಕ, ಅದೇ ಕಾಯುವಿಕೆಗೆ ಒಳಗಾಗಬೇಕು. ಕ್ಯಾಂಪಸ್ಸಿನ ಒಳಗೇ ಹೆಚ್ಚು ಗಂಟೆ ಮಾಡುವುದಾದರೆ ವಿಶ್ವವಿದ್ಯಾಲಯ ಕೊಡುವ ಐ-20 ಕಾಗದದ ಮೇಲೆ ಡಿಎಸ್‌ಒ ಬರೆದುಕೊಟ್ಟರೆ ಮುಗಿಯಿತು, ಶುಲ್ಕವಿಲ್ಲ. ಈ ವ್ಯತ್ಯಾಸ ಗೊತ್ತಿಲ್ಲದೆ ಹೊರಗಿನ ಅನುಮತಿಗೆ ಹಣ ಸುರಿದವರನ್ನು ನೋಡಿದ್ದೇನೆ.

ಒಂದು ರಾತ್ರಿ ಅಡುಗೆಮನೆಯ ಮೇಜಿನ ಮುಂದೆ ಕಿರಿಯವನ ಜೊತೆ ಕೂತು ಲೆಕ್ಕ ಹಾಕಿದೆವು. "ದಾಯಿ (ಅಣ್ಣಾ), ನಲವತ್ತು ಗಂಟೆ ಮಾಡಿ ಆರೇ ಕ್ರೆಡಿಟ್ ಓದ್ತೀನಿ" ಎಂದು ಅವನು ಆಗಲೇ ನಿರ್ಧರಿಸಿದ್ದ. ಕ್ಯಾಂಪಸ್ಸಿನ ಮೆಸ್ಸಿನಲ್ಲಿ ಅವನಿಗೆ ಸಿಗುತ್ತಿದ್ದುದು ಅಮೆರಿಕದ ಕನಿಷ್ಠ ಕೂಲಿ, ಗಂಟೆಗೆ 7.25 ಡಾಲರ್. ಇಪ್ಪತ್ತು ಗಂಟೆಗೆ ವಾರಕ್ಕೆ 145, ಹದಿನೈದು ವಾರದ ಸೆಮಿಸ್ಟರಿಗೆ 2,175. ನಲವತ್ತು ಗಂಟೆ ಮಾಡಿದರೆ 4,350. ಹೆಚ್ಚಾಗಿ ಕೈಗೆ ಬರುವುದು 2,175 ಡಾಲರ್. ಇತ್ತ ಅರ್ಧ ಓದು ಬಿಟ್ಟರೆ ಪದವಿ ಒಂದು ಸೆಮಿಸ್ಟರ್ ಮುಂದಕ್ಕೆ ಹೋಗುತ್ತದೆ. ಆ ಐದು ತಿಂಗಳ ಬಾಡಿಗೆ, ಊಟ ಎಷ್ಟೇ ಬಿಗಿ ಹಿಡಿದರೂ ತಿಂಗಳಿಗೆ 700ರಂತೆ 3,500 ಡಾಲರ್. ಆರೋಗ್ಯ ವಿಮೆ ಬೇರೆ. ಹೆಚ್ಚು ಗಂಟೆ ದುಡಿದು ಗಳಿಸಿದ್ದಕ್ಕಿಂತ ಓದು ಉದ್ದವಾಗಿ ಕಳೆಯುವುದೇ ಜಾಸ್ತಿ ಎಂದು ಕಾಗದದ ಮೇಲೆ ಕಂಡಾಗ ಅವನು ಬಹಳ ಹೊತ್ತು ಮಾತಾಡಲಿಲ್ಲ.

ಕೊನೆಗೆ ಅವನು ಮಾಡಿದ್ದು ಹೀಗೆ: ಮೂವತ್ತು ಗಂಟೆ ಕೆಲಸ, ಒಂಬತ್ತು ಕ್ರೆಡಿಟ್ ಓದು. ಬಿಟ್ಟ ಒಂದು ವಿಷಯವನ್ನು ಬೇಸಿಗೆ ರಜೆಯಲ್ಲಿ ಹತ್ತಿರದ ಕಮ್ಯೂನಿಟಿ ಕಾಲೇಜಿನಲ್ಲಿ ಕಡಿಮೆ ಫೀಸಿಗೆ ಮುಗಿಸಿದ. ಅಲ್ಲಿನ ಕ್ರೆಡಿಟ್ಟನ್ನು ತನ್ನ ವಿಶ್ವವಿದ್ಯಾಲಯ ಒಪ್ಪುತ್ತದೆ ಎಂದು ಸೇರುವ ಮೊದಲೇ ಬರವಣಿಗೆಯಲ್ಲಿ ಪಡೆದಿದ್ದ. ಪದವಿ ತಡವಾಗಲಿಲ್ಲ, ಸೆಮಿಸ್ಟರಿಗೆ ಸಾವಿರ ಡಾಲರ್ ಚಿಲ್ಲರೆ ಹೆಚ್ಚಿಗೆ ಬಂತು. ಎಲ್ಲರಿಗೂ ಇದೇ ದಾರಿ ಹೊಂದುತ್ತದೆ ಎನ್ನಲಾರೆ. ಬೋಧನಾ ಸಹಾಯಕರಾಗಿದ್ದು ಫೀಸು ಮನ್ನಾ ಪಡೆದ ಸ್ನಾತಕೋತ್ತರ ವಿದ್ಯಾರ್ಥಿಗಳು ಕ್ರೆಡಿಟ್ ಇಳಿಸಿದರೆ ಆ ಮನ್ನಾವೇ ಕೈತಪ್ಪಬಹುದು. ವೀಸಾ ನಿಯಮ ಸಡಿಲಾಯಿತೆಂದು ವಿಭಾಗದ ನಿಯಮ ಸಡಿಲಾಗುವುದಿಲ್ಲ. ಓದನ್ನು ಇಳಿಸುವ ಅವಕಾಶವನ್ನು ಮನಸ್ಸು ಕುಸಿದು ಪುಸ್ತಕ ಹಿಡಿಯಲಾಗದವರಿಗೆ ಬಿಡಬೇಕು, ಬರೀ ದುಡಿಮೆಗಾಗಿ ಬಳಸಿದರೆ ನಷ್ಟ ಎಂಬುದು ನನ್ನ ಅಭಿಪ್ರಾಯ. ಅವನ ಜೊತೆಯ ಹಿರಿಯವನು ಅಂಥ ಸ್ಥಿತಿಯಲ್ಲಿದ್ದ. ಅವನು ಆರು ಕ್ರೆಡಿಟ್‌ಗೆ ಇಳಿದದ್ದು ಸರಿಯಾಗಿತ್ತು.

ಸಂಬಳದ ಚೀಟಿಯನ್ನೂ ನೋಡಿಕೊಳ್ಳಬೇಕು. ಎಫ್-1 ವಿದ್ಯಾರ್ಥಿಯ ಸಂಬಳದಲ್ಲಿ ಸಾಮಾನ್ಯವಾಗಿ ಮೊದಲ ಐದು ಕ್ಯಾಲೆಂಡರ್ ವರ್ಷ ಸೋಶಿಯಲ್ ಸೆಕ್ಯುರಿಟಿ, ಮೆಡಿಕೇರ್ ಎಂದು ಶೇಕಡಾ 7.65 ಹಿಡಿಯುವಂತಿಲ್ಲ. ಸಣ್ಣ ಕಚೇರಿಗಳು ತಿಳಿಯದೆ ಹಿಡಿಯುತ್ತವೆ. ಕೇಳಿದರೆ ಹಿಂತಿರುಗಿಸುತ್ತವೆ. ಭಾರತದ ವಿದ್ಯಾರ್ಥಿಗಳಿಗೆ ತೆರಿಗೆ ಒಪ್ಪಂದದ ಪ್ರಕಾರ ಸ್ಟ್ಯಾಂಡರ್ಡ್ ಡಿಡಕ್ಷನ್ ಕೂಡ ಸಿಗುತ್ತದೆ. ನೇಪಾಳದ ಜೊತೆ ಅಮೆರಿಕಕ್ಕೆ ಅಂಥ ಒಪ್ಪಂದವಿಲ್ಲ.

ಭಾರತಕ್ಕೆ ಈ ದೇಶವ್ಯಾಪಿ ಸಡಿಲಿಕೆ ಸಿಕ್ಕಿಲ್ಲ. 2021ರ ಏಪ್ರಿಲ್, ಮೇ ತಿಂಗಳಲ್ಲಿ ನಮ್ಮ ಊರುಗಳಲ್ಲಿ ಆಮ್ಲಜನಕಕ್ಕೆ ಅಲೆದಾಡುವಾಗಲೂ ಸಿಗಲಿಲ್ಲ. ಇಷ್ಟು ದೊಡ್ಡ ದೇಶದ ಒಂದು ಮೂಲೆಯ ಕಷ್ಟಕ್ಕೆ ಅದು ಸಿಗುವ ಸಂಭವವೂ ಕಡಿಮೆ. 2018ರ ಆಗಸ್ಟ್‌ನಲ್ಲಿ ಕೊಡಗಿನ ಗುಡ್ಡಗಳು ಜರಿದು ಕಾಫಿ ತೋಟಗಳು ಕೊಚ್ಚಿಹೋದಾಗ, ಆ ತೋಟದ ಆದಾಯದಲ್ಲಿ ಓದುತ್ತಿದ್ದ ಮಗಳಿಗೆ ಅಮೆರಿಕ ಸರ್ಕಾರ ತಾನಾಗಿ ಏನನ್ನೂ ಸಡಿಲಿಸುವುದಿಲ್ಲ. ಅವಳು ಬಳಸಬಹುದಾದದ್ದು ನಾನು ಬಳಸಿದ ವೈಯಕ್ತಿಕ ದಾರಿಯನ್ನೇ. ತಹಶೀಲ್ದಾರರ ಬೆಳೆಹಾನಿ ವರದಿ, ಬ್ಯಾಂಕಿನ ಪತ್ರ, ತೋಟದ ಫೋಟೋ ಇವೇ ಅವಳ ಸಾಕ್ಷಿ. ಇಂಥ ಕಾಗದಗಳನ್ನು ಊರಲ್ಲಿರುವವರು ಕೂಡಲೇ ಮಾಡಿಸಿ ಕಳಿಸಿದರೆ ಒಂದು ತಿಂಗಳು ಉಳಿಯುತ್ತದೆ.

ಅನುಮತಿ ಬರುವ ತನಕ ಹೊಟ್ಟೆಪಾಡಿಗೆಂದು ಅಂಗಡಿಯಲ್ಲೋ ಹೋಟೆಲಿನಲ್ಲೋ ಕೈಗೆ ನಗದು ಪಡೆದು ದುಡಿಯುವ ಮಕ್ಕಳ ಸಂಕಟ ನನಗೆ ಅರ್ಥವಾಗುತ್ತದೆ. ಆದರೂ ಬೇಡ. ವೀಸಾ ಸ್ಥಿತಿ ಬೇರೆ ಕಾರಣಕ್ಕೆ ಕೈತಪ್ಪಿದರೆ ಮರಳಿ ಕೊಡಿ ಎಂದು ಅರ್ಜಿ ಹಾಕಬಹುದು. ಅನುಮತಿಯಿಲ್ಲದೆ ದುಡಿದವರಿಗೆ ಆ ಅರ್ಜಿಯ ದಾರಿಯೂ ಮುಚ್ಚುತ್ತದೆ. ನಲವತ್ತು ಲಕ್ಷದ ಓದನ್ನು ದಿನಕ್ಕೆ ಐವತ್ತು ಡಾಲರಿನ ಕೂಲಿಗೆ ಪಣ ಇಡಬಾರದು. ಅಪ್ಪ ಅಮ್ಮಂದಿರೂ "ಹೇಗಾದರೂ ನೋಡ್ಕೋ" ಎಂದು ಫೋನಿನಲ್ಲಿ ಹೇಳುವ ಮುನ್ನ ಇದನ್ನು ನೆನೆಯಬೇಕು.

ಹಾಗಾಗಿ ಈ ವರ್ಷ ಮಗನನ್ನೋ ಮಗಳನ್ನೋ ಕಳಿಸುತ್ತಿರುವವರಲ್ಲಿ ನನ್ನ ಕೋರಿಕೆ: ನಾಲ್ಕು ತಿಂಗಳ ಬಾಡಿಗೆ, ಊಟಕ್ಕೆ ಸಾಕಾಗುವಷ್ಟು ಡಾಲರನ್ನು ಅಲ್ಲಿನ ಬ್ಯಾಂಕು ಖಾತೆಯಲ್ಲಿ ಬೇರೆಯಾಗಿ ಇಡಿಸಿ, ಫೀಸಿಗೂ ಅದನ್ನು ಮುಟ್ಟಬೇಡಿ. ಸಾಲ ತೆಗೆಯುವಾಗ ಡಾಲರ್ ಏರಿದರೆ ಮಿತಿ ಏರಿಸುತ್ತೀರಾ ಎಂದು ಬ್ಯಾಂಕನ್ನು ಕೇಳಿ, ಉತ್ತರವನ್ನು ಬರವಣಿಗೆಯಲ್ಲಿ ಪಡೆಯಿರಿ. ಹೋದ ಮೊದಲ ತಿಂಗಳಲ್ಲೇ ತಮ್ಮ ಡಿಎಸ್‌ಒ ಯಾರು, ವಿಶ್ವವಿದ್ಯಾಲಯದಲ್ಲಿ ತುರ್ತು ಕೈಸಾಲದ ನಿಧಿ ಇದೆಯೇ ಎಂದು ಮಕ್ಕಳು ತಿಳಿದುಕೊಳ್ಳಲಿ. ಅಮೆರಿಕದ ಕನ್ನಡ ಕೂಟಗಳನ್ನೂ ಒಂದು ಕೇಳಿಕೊಳ್ಳುತ್ತೇನೆ. ಊರಲ್ಲಿ ಕಷ್ಟಕ್ಕೆ ಸಿಕ್ಕ ಮನೆಯ ಮಕ್ಕಳಿಗೆ ಅನುಮತಿಯ ಕಾರ್ಡು ಬರುವವರೆಗಿನ ಮೂರು ತಿಂಗಳಿಗೆ ಬಡ್ಡಿಯಿಲ್ಲದ ಸಾಲ ಕೊಡುವ ಸಣ್ಣ ನಿಧಿಯೊಂದನ್ನು ಪ್ರತಿ ಕೂಟವೂ ಇಟ್ಟುಕೊಳ್ಳಲಿ. ಒಬ್ಬ ವಿದ್ಯಾರ್ಥಿಗೆ ಎರಡು ಸಾವಿರ ಡಾಲರ್ ಸಾಕು, ಅದು ವಾಪಸ್ಸೂ ಬರುತ್ತದೆ.